ಅಪರೂಪದ ಎಸ್ಟೇಟ್ ಕಾರನ್ನು ಮಾರುವ ಕ್ರಮ

ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಕಾರಿನ ಒಡೆಯರಿಗಿಂತ ಕಾರು ನಡೆಸುವವರು, ತೊಳೆಯುವವರು, ಕಾರಿನ ಖರ್ಚಿನ ಲೆಕ್ಕ ಬರೆಯುವವರು ಹೆಚ್ಚು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ದೊಡ್ಡವರ ಮನೆಗಳಲ್ಲಿ ಡ್ರೈವರ್ ಕೆಲಸಕ್ಕೆ ನಿಂತವರು, ಕಂಪನಿಗಳಲ್ಲಿ ಗುಮಾಸ್ತರಾದವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: “ಸಾಹೇಬರು ಹಳೆಯ ಕಾರನ್ನು ಮಾರುತ್ತಾರಂತೆ. ಗಿರಾಕಿ ನೋಡು, ಕಾಗದಪತ್ರ ನೋಡು ಎಂದು ನಮಗೇ ಹೇಳಿದ್ದಾರೆ. ಏನು ಮಾಡಬೇಕು?” ಕಾರು ಎಲ್ಲರಲ್ಲೂ ಇರುವಂಥದಾದರೆ ಕೆಲಸ ಸುಲಭ. ಊರಿಗೆ ಒಂದೆರಡು ಮಾತ್ರ ಇರುವಂಥದಾದರೆ ಬೆಲೆ ಕಟ್ಟುವುದೂ ಕಷ್ಟ, ಗಿರಾಕಿ ಹುಡುಕುವುದೂ ಕಷ್ಟ. ಆದುದರಿಂದ ಅತಿ ಕಷ್ಟದ ಉದಾಹರಣೆಯನ್ನೇ ತೆಗೆದುಕೊಂಡು ಈ ವಿಷಯವನ್ನು ವಿವರಿಸಲು ಯತ್ನಿಸುತ್ತೇವೆ. ಇದು ಶ್ರೀಮಂತರ ವಿಚಾರವೆಂದು ಯಾರೂ ಪುಟ ತಿರುವಬೇಕಾಗಿಲ್ಲ. ಕೋಟಿ ರೂಪಾಯಿಯ ಕಾರಿಗೆ ಯಾವ ಕಾನೂನೋ ನಮ್ಮ ಹಳೆಯ ಸ್ಕೂಟರಿಗೂ ಅದೇ ಕಾನೂನು.

ಎಸ್ಟೇಟ್ ಕಾರು ಎಂದರೇನು?

ಸಾಮಾನ್ಯ ಸೆಡಾನ್ ಕಾರಿನಲ್ಲಿ ಡಿಕ್ಕಿ ಹಿಂದೆ ಪ್ರತ್ಯೇಕವಾಗಿ ಚಾಚಿಕೊಂಡಿರುತ್ತದೆ. ಎಸ್ಟೇಟ್ ಕಾರಿನಲ್ಲಿ ಮೇಲ್ಛಾವಣಿಯು ಹಿಂದಿನ ತುದಿಯವರೆಗೂ ಸಾಗಿ, ಅಲ್ಲಿ ಮೇಲಕ್ಕೆತ್ತುವ ಒಂದು ಬಾಗಿಲಿರುತ್ತದೆ. ಹಿಂದಿನ ಸೀಟನ್ನು ಮಡಚಿದರೆ ಉದ್ದಕ್ಕೂ ಸಾಮಾನು ಹೇರಬಹುದು. ಇದನ್ನೇ ಅಮೆರಿಕೆಯವರು ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ರೈಲು ನಿಲ್ದಾಣದಿಂದ ಜನರನ್ನೂ ಪೆಟ್ಟಿಗೆಗಳನ್ನೂ ಸಾಗಿಸುತ್ತಿದ್ದ ಗಾಡಿಗಳಿಂದ ಆ ಹೆಸರು ಬಂದಿತು.

ನಮ್ಮ ದೇಶದಲ್ಲಿ ಈ ಬಗೆಯ ಕಾರು ಎಂದೂ ಬೇರೂರಲಿಲ್ಲ. ೧೯೯೨ರಲ್ಲಿ ಟಾಟಾ ಎಸ್ಟೇಟ್ ಬಂದಿತು. ಅನಂತರ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ, ೨೦೦೪ರಲ್ಲಿ ಟಾಟಾ ಇಂಡಿಗೊ ಮರೀನಾ ಬಂದವು. ಯಾವುದೂ ಬಹುಕಾಲ ನಿಲ್ಲಲಿಲ್ಲ. ನಮ್ಮವರ ಕಣ್ಣಿಗೆ ಡಿಕ್ಕಿ ಚಾಚಿದ ಕಾರು ಮರ್ಯಾದೆಯ ಕಾರಾಗಿಯೂ, ಹಿಂಬದಿ ಉದ್ದವಾದ ಕಾರು ಸಾಮಾನಿನ ಗಾಡಿಯಾಗಿಯೂ ಕಂಡಿತು. ೨೦೦೬ರಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, ಚಿಕ್ಕ ಎಂಜಿನಿನ ಕಾರುಗಳಿಗೆ ಕೇಂದ್ರ ಸರ್ಕಾರ ಸುಂಕ ಇಳಿಸಿದ ಮೇಲೆ ಉದ್ದದ ಕಾರಿಗೆ ಮತ್ತೊಂದು ಪೆಟ್ಟು ಬಿದ್ದಿತು.

ಇವುಗಳಲ್ಲಿ ವೇಗಕ್ಕೆ ಹೆಸರಾದುದು ಆಡಿ ಕಂಪನಿಯ ಆರ್‌ಎಸ್ ೬ ಅವಾಂಟ್. ಇದು ೨೦೧೫ರ ಜೂನಿನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಷೋರೂಮ್ ಬೆಲೆ ೧ ಕೋಟಿ ೩೫ ಲಕ್ಷ ರೂಪಾಯಿ. ಎಂಟು ಸಿಲಿಂಡರಿನ, ಎರಡು ಟರ್ಬೊ ಕೂಡಿಸಿದ ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನು. ಶಕ್ತಿ ೫೬೦ ಅಶ್ವಬಲ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರು ವೇಗ ಮುಟ್ಟಲು ೩.೯ ಸೆಕೆಂಡು. ಹೀಗಿದ್ದೂ ಹಿಂದಿನ ಸೀಟು ಮಡಚಿದರೆ ೧,೬೮೦ ಲೀಟರ್ ಜಾಗ. ಕುಟುಂಬದ ಗಾಡಿಯೂ ಹೌದು, ಪಂದ್ಯದ ಕುದುರೆಯೂ ಹೌದು. ಇಂಥ ಕಾರು ಮಾರಾಟಕ್ಕೆ ಬಂದಿದೆ ಎಂದು ಇಟ್ಟುಕೊಳ್ಳೋಣ.

ಬೆಲೆ ಕಟ್ಟುವುದು

ಮೊದಲ ಆಧಾರ ವಿಮೆಯ ಲೆಕ್ಕ. ವಿಮಾ ಕಂಪನಿಗಳು ಕಾರಿನ ಬೆಲೆಯನ್ನು ವರ್ಷವರ್ಷವೂ ಇಳಿಸುವ ಒಂದು ಪಟ್ಟಿ ರೂಢಿಯಲ್ಲಿದೆ: ಆರು ತಿಂಗಳವರೆಗೆ ನೂರಕ್ಕೆ ೫, ಒಂದು ವರ್ಷದೊಳಗೆ ೧೫, ಎರಡು ವರ್ಷದೊಳಗೆ ೨೦, ಮೂರರೊಳಗೆ ೩೦, ನಾಲ್ಕರೊಳಗೆ ೪೦, ಐದರೊಳಗೆ ೫೦. ಐದು ವರ್ಷ ದಾಟಿದ ಮೇಲೆ ವಿಮಾ ಕಂಪನಿಯೂ ಮಾಲೀಕನೂ ಒಪ್ಪಿಕೊಂಡ ಬೆಲೆ. ಈ ಲೆಕ್ಕದಂತೆ ೧ ಕೋಟಿ ೩೫ ಲಕ್ಷದ ಕಾರು ಐದನೆಯ ವರ್ಷದಲ್ಲಿ ೬೭ ಲಕ್ಷ ೫೦ ಸಾವಿರವಾಗುತ್ತದೆ. ಆಮೇಲೆ ಪಟ್ಟಿಯ ಆಸರೆ ಇಲ್ಲ.

ಇಲ್ಲಿ ಮಾಲೀಕರು ಸಾಮಾನ್ಯವಾಗಿ ಹೇಳುವ ಮಾತು, “ನಮ್ಮದು ಅಪರೂಪದ ಕಾರು, ಬೆಲೆ ಏರುತ್ತದೆ” ಎಂದು. ಅಪರೂಪವಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಅದನ್ನು ಬಯಸುವವರು ಇರಬೇಕು. ಬಲೆನೊ ಆಲ್ಟುರಾ ಕೂಡ ಇಂದು ಅಪರೂಪವೇ. ಅದನ್ನು ಮೆಚ್ಚುವ ಹವ್ಯಾಸಿ ಸಿಕ್ಕರೆ ಒಂದು ಬೆಲೆ, ಇಲ್ಲವಾದರೆ ಗುಜರಿಯ ಬೆಲೆ. ಚೌಮಹಲ್ಲಾ ಅರಮನೆಯಲ್ಲಿ ನಮ್ಮವರು ಟಿಕೇಟು ಕೊಂಡು ನೋಡಿ ಬರುವ ನಿಜಾಮರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಗಾಡಿಗೆ ಬೆಲೆ ತಂದಿರುವುದು ಅದರ ಲೋಹವಷ್ಟೇ ಅಲ್ಲ. ಅದನ್ನು ಯಾರಿಗಾಗಿ ಕಟ್ಟಿದರು, ಯಾರ ಬಳಿ ಇತ್ತು ಎಂಬ ಕಥೆಗೆ ದಾಖಲೆ ಇರುವುದು. ನಮ್ಮ ಎಸ್ಟೇಟ್ ಕಾರಿಗೂ ಅದೇ ನ್ಯಾಯ. ದಾಖಲೆ ಇದ್ದ ಕಡೆ ಬೆಲೆ ಇರುತ್ತದೆ.

“ಚೆನ್ನಾಗಿ ನೋಡಿಕೊಂಡಿದ್ದೇವೆ” ಎಂಬುದಕ್ಕೆ ಪುರಾವೆ

ಹೆಚ್ಚು ಶಕ್ತಿಯ ಕಾರನ್ನು ಕೊಳ್ಳಲು ಬರುವವನಿಗೆ ಒಂದೇ ಭಯ: ಕೊಂಡ ಮೇಲೆ ರಿಪೇರಿಯ ಖರ್ಚು. ಎಂಜಿನು ದೊಡ್ಡದು, ಬ್ರೇಕಿನ ತಟ್ಟೆಗಳು ದೊಡ್ಡವು, ಟೈರುಗಳು ಅಗಲವಾದವು, ಬಿಡಿಭಾಗಗಳು ಹೊರದೇಶದಿಂದ ಬರಬೇಕು. ಅವನ ಭಯವನ್ನು ಎಷ್ಟು ಕಡಿಮೆ ಮಾಡುತ್ತೇವೋ ಅಷ್ಟು ಬೆಲೆ ನಿಲ್ಲುತ್ತದೆ. ಬಾಯಿಮಾತಿನಿಂದ ಅದು ಆಗದು. ಈ ಕೆಳಗಿನವುಗಳನ್ನು ಒಂದು ಕಡತದಲ್ಲಿ ತಾರೀಖಿನ ಕ್ರಮದಲ್ಲಿ ಜೋಡಿಸಿಡಬೇಕು.

ಒಂದು: ಸರ್ವಿಸ್ ಮಾಡಿಸಿದ ಪ್ರತಿಯೊಂದು ಬಿಲ್ಲು. ಅದರಲ್ಲಿ ಓಡಿದ ಕಿಲೋಮೀಟರು ನಮೂದಾಗಿರುತ್ತದೆ. ಕಿಲೋಮೀಟರು ಮೀಟರನ್ನು ಹಿಂದಕ್ಕೆ ತಿರುಗಿಸುವ ಮೋಸ ಎಲ್ಲೆಡೆಯೂ ಇರುವುದರಿಂದ, ವರ್ಷವರ್ಷಕ್ಕೂ ಏರುತ್ತ ಬಂದ ಅಂಕಿಗಳ ಬಿಲ್ಲುಗಳೇ ದೊಡ್ಡ ಸಾಕ್ಷಿ.

ಎರಡು: ಟೈರಿನ ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು ಎಂದರ್ಥ. ಗೀರು ಎಷ್ಟೇ ಆಳವಾಗಿದ್ದರೂ ಹಳೆಯ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ವೇಗದ ಕಾರಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಮೂರು: ಚಾಸಿ ನಂಬರು, ಎಂಜಿನ್ ನಂಬರು ಆರ್.ಸಿ. ಪುಸ್ತಕದೊಂದಿಗೆ ಅಕ್ಷರಕ್ಷರವೂ ಹೊಂದುತ್ತಿರಬೇಕು.

ನಾಲ್ಕು: ಅಪಘಾತ ಆಗಿದ್ದರೆ ಅದರ ರಿಪೇರಿಯ ಬಿಲ್ಲು. ಮುಚ್ಚಿಟ್ಟರೆ ತಿಳಿದವನು ಬಣ್ಣದ ದಪ್ಪ ಅಳೆಯುವ ಉಪಕರಣದಿಂದ ಕ್ಷಣದಲ್ಲಿ ಕಂಡುಹಿಡಿಯುತ್ತಾನೆ. ಅನಂತರ ನಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ದೋಷವನ್ನು ಮೊದಲೇ ಹೇಳಿದವನ ಕಾರಿಗೆ ಬೆಲೆ ಸ್ವಲ್ಪ ಇಳಿದರೂ ಮಾರಾಟ ಮುರಿಯುವುದಿಲ್ಲ.

ಓಡಿಸಿ ನೋಡುವಾಗ ಬಂದವರ ಲೈಸೆನ್ಸು ನೋಡಿ, ಮಾಲೀಕರೋ ಡ್ರೈವರೋ ಪಕ್ಕದಲ್ಲಿ ಕುಳಿತೇ ಹೋಗಬೇಕು. ಬೀಗದ ಕೈಯನ್ನು ಕೊಟ್ಟು ಹೊರಗೆ ನಿಲ್ಲುವುದು ತರವಲ್ಲ. ಇನ್ನು ಫೋನಿನಲ್ಲಿಯೇ ವ್ಯಾಪಾರ ಕುದುರಿಸಿ, “ಮುಂಗಡ ಕಳಿಸುತ್ತೇನೆ, ಈ ಚೌಕದ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ” ಎನ್ನುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಮ್ಮ ಖಾತೆಯಿಂದ.

ಕಾಗದಪತ್ರ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಣ ಕೈಗೆ ಬಂದು ಕಾರು ಬಾಗಿಲು ದಾಟಿದೊಡನೆ ಮಾರಾಟ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ೧೯೮೮ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. ಹೆಸರು ಬದಲಾಗುವವರೆಗೆ ಕಾರು ಎಲ್ಲಿದ್ದರೂ ಹೊಣೆ ಮಾರಿದವರದೇ.

ಇದಕ್ಕೆ ಸುಪ್ರೀಂ ಕೋರ್ಟು ೨೦೧೮ರ ಫೆಬ್ರವರಿ ೬ರಂದು ಕೊಟ್ಟ ತೀರ್ಪೇ ನಿದರ್ಶನ. ಒಂದು ಕಾರು ಕೈಯಿಂದ ಕೈಗೆ ನಾಲ್ಕು ಸಲ ಮಾರಾಟವಾಗಿತ್ತು. ಆದರೆ ನೋಂದಣಿ ಮೊದಲನೆಯವನ ಹೆಸರಿನಲ್ಲಿಯೇ ಉಳಿದಿತ್ತು. ೨೦೦೯ರಲ್ಲಿ ಆ ಕಾರು ಹಿಂದಕ್ಕೆ ಚಲಿಸುವಾಗ ಹೊಲದ ಕೆಲಸ ಮುಗಿಸಿ ನಡೆದುಬರುತ್ತಿದ್ದ ಹೆಂಗಸೊಬ್ಬಳಿಗೆ ಗಾಯವಾಗಿ, ಜೊತೆಗಿದ್ದ ಹುಡುಗ ತೀರಿಕೊಂಡ. ಪರಿಹಾರ ಕೊಡಬೇಕಾದವನು ಯಾರೆಂಬ ಪ್ರಶ್ನೆ ಎದ್ದಾಗ, ಮೊದಲ ಮಾಲೀಕ ತಾನು ೨೦೦೭ರಲ್ಲಿಯೇ ಮಾರಿದ್ದೇನೆಂದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನೋಂದಣಿಯಲ್ಲಿ ಹೆಸರಿರುವವನೇ ಹೊಣೆಗಾರನೆಂದು ಹೇಳಿತು. ನೊಂದವರು ಒಬ್ಬನಿಂದ ಇನ್ನೊಬ್ಬನ ಮನೆಗೆ ಮಾಲೀಕನನ್ನು ಹುಡುಕುತ್ತ ಅಲೆಯುವಂತಾಗಬಾರದು ಎಂಬುದು ಅದರ ಆಶಯ. ದಾರಿಯಲ್ಲಿ ನಡೆದು ಹೋಗುವವರು ಹೆಚ್ಚಾಗಿ ನಾವೇ ಆದುದರಿಂದ, ಈ ನಿಯಮ ನಮ್ಮ ರಕ್ಷಣೆಗೂ ಇದೆ ಎಂಬುದನ್ನು ಮರೆಯಬಾರದು. ಆದರೆ ಮಾರುವ ದಿನ ಉದಾಸೀನ ಮಾಡಿದವನಿಗೆ “ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ” ಎಂಬ ಗಾದೆಯೇ ಗತಿ.

ಮಾಡಬೇಕಾದ ಕ್ರಮ ಹೀಗಿದೆ. ಫಾರಂ ೨೯ ಮಾರಾಟದ ತಿಳಿವಳಿಕೆ. ಫಾರಂ ೩೦ ಹೆಸರು ವರ್ಗಾವಣೆಯ ಅರ್ಜಿ. ಕಾರು ಇದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವರು ೧೪ ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು; ಕೊಂಡವರು ೩೦ ದಿನದೊಳಗೆ ತಿಳಿಸಬೇಕು. ಬೇರೆ ರಾಜ್ಯದ ನೋಂದಣಿಯಾದರೆ ಮಾರಿದವರಿಗೆ ೪೫ ದಿನದ ಅವಕಾಶವುಂಟು. ಆದರೆ ಫಾರಂ ೨೮ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಬ್ಯಾಂಕಿನ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಅದನ್ನು ತೆಗೆಸಲು ಫಾರಂ ೩೫. ವಿಮೆ, ಹೊಗೆ ತಪಾಸಣೆಯ ಚೀಟಿ ಚಾಲ್ತಿಯಲ್ಲಿರಬೇಕು. ಪೊಲೀಸರ ಇ-ಚಲನ್ ದಂಡಗಳೆಲ್ಲ ಕಟ್ಟಿ ಮುಗಿದಿರಬೇಕು.

ಹೈದರಾಬಾದಿನ ಕಾರಿನ ನಂಬರು ನೋಡಿದರೆ ಅದರ ವಯಸ್ಸಿನ ಸುಳಿವು ಸಿಗುತ್ತದೆ. ಎಪಿ ಎಂದಿದ್ದರೆ ೨೦೧೪ರ ರಾಜ್ಯ ವಿಭಜನೆಗೆ ಮುಂಚಿನದು, ಟಿಎಸ್ ಎಂದಿದ್ದರೆ ಅನಂತರದ್ದು, ಟಿಜಿ ಎಂದಿದ್ದರೆ ೨೦೨೪ರ ಮಾರ್ಚಿನಿಂದ ಈಚಿನದು. ನಮ್ಮವರು ಊರಿನಿಂದ ತರುವ ಕೆಎ-೩೮ ಬೀದರದ್ದು, ಕೆಎ-೩೨ ಕಲಬುರಗಿಯದು, ಕೆಎ-೩೬ ರಾಯಚೂರಿನದು. ಹೊರ ರಾಜ್ಯದ ಗಾಡಿಯನ್ನು ಇಲ್ಲಿ ೧೨ ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು.

ಅಪರೂಪದ ಕಾರಿಗೆ ಗಿರಾಕಿ ಬಹುಶಃ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಬಂದಾನು. ಆಗ ಅವನು ತನ್ನ ರಾಜ್ಯದಲ್ಲಿ ರಸ್ತೆ ತೆರಿಗೆಯನ್ನು ಕಟ್ಟಬೇಕು. ಕರ್ನಾಟಕದಲ್ಲಿ ಬೆಲೆಬಾಳುವ ಕಾರುಗಳ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಆ ಹಣವನ್ನು ಅವನು ನಮ್ಮ ಬೆಲೆಯಲ್ಲಿ ಕಳೆದೇ ಮಾತನಾಡುತ್ತಾನೆ. ಇದನ್ನು ಅವನ ಜಿಪುಣತನವೆಂದು ತಿಳಿದು ಜಗಳವಾಡುವುದರಲ್ಲಿ ಅರ್ಥವಿಲ್ಲ. ನೋಂದಣಿಯ ಆಯುಷ್ಯ ೧೫ ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷ ಮುಂದುವರಿಸಬೇಕು. ೧೫ಕ್ಕೆ ಹತ್ತಿರವಾದಷ್ಟೂ ಗಿರಾಕಿ ಹಿಂಜರಿಯುತ್ತಾನೆ.

ದಲ್ಲಾಳಿ, ಹಣ, ವಿಮೆ

ಖಾಲಿ ಫಾರಂಗಳಿಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡುವ ಪದ್ಧತಿ ಅತ್ಯಂತ ಅಪಾಯಕಾರಿ. ಅವನು ಗಿರಾಕಿ ಸಿಗುವವರೆಗೆ ಕಾರನ್ನು ಓಡಿಸುತ್ತಿರುತ್ತಾನೆ; ಹೆಸರು ಮಾತ್ರ ಹಳೆಯದು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮದಂತೆ, ಆರ್.ಟಿ.ಓ.ದಿಂದ ಅಧಿಕಾರಪತ್ರ ಪಡೆದ ಹಳೆಯ ಕಾರಿನ ವ್ಯಾಪಾರಿಗೆ ಕಾರು ಒಪ್ಪಿಸಿದ್ದನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿದರೆ ಅಂದಿನಿಂದ ಆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿಸಲ್ಪಡುತ್ತಾನೆ. ಅಂಥ ಅಧಿಕಾರಪತ್ರ ಇದೆಯೇ ಎಂದು ಕೇಳುವುದು ಮಾರುವವರ ಹಕ್ಕು.

ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಒಂದೇ ವ್ಯವಹಾರದಲ್ಲಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆಯ ಕಾನೂನು ೨೦೧೭ರಿಂದ ನಿಷೇಧಿಸಿದೆ. ತಪ್ಪಿದರೆ ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಡ್ರೈವರ್ ಬಾಂಧವರಿಗೆ ಇಲ್ಲೊಂದು ಎಚ್ಚರಿಕೆ: ಸಾಹೇಬರ ಕಾರಿನ ಮುಂಗಡವನ್ನು ಯಾವ ಕಾರಣಕ್ಕೂ ತಮ್ಮ ಖಾತೆಗೆ ಹಾಕಿಸಿಕೊಳ್ಳಬಾರದು, ಸಾಕ್ಷಿಯ ಸಹಿಯನ್ನು ಕೂಡ ಓದಿಯೇ ಹಾಕಬೇಕು. ವ್ಯಾಪಾರ ಮುರಿದು ಬಿದ್ದರೆ ಗಿರಾಕಿ ಬೆರಳು ತೋರುವುದು ಹಣ ಇಳಿದ ಖಾತೆಯ ಕಡೆಗೆ.

ವಿಮೆಯ ವಿಷಯದಲ್ಲಿ ಎರಡು ಸಂಗತಿ. ಕಾರು ಕೈ ಬದಲಾದಾಗ ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಾನೂನಿನಂತೆ ಕೊಂಡವರಿಗೆ ತಾನಾಗಿ ಸೇರುತ್ತದೆ. ಕಾರಿನ ಸ್ವಂತ ಹಾನಿಯ ವಿಮೆ ಹಾಗೆ ಸೇರುವುದಿಲ್ಲ. ಕೊಂಡವರು ೧೪ ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಹಾನಿ ಕೇಳದೆ ಉಳಿದ ವರ್ಷಗಳಿಗೆ ಸಿಗುವ ರಿಯಾಯಿತಿ ಕಾರಿನದಲ್ಲ, ವ್ಯಕ್ತಿಯದು. ಮಾರಿದವರು ಅದಕ್ಕೆ ಪತ್ರ ಪಡೆದುಕೊಂಡು ಮುಂದಿನ ಕಾರಿಗೆ ಬಳಸಬಹುದು. ಟೋಲಿನ ಫಾಸ್ಟ್ಯಾಗನ್ನು ಅದೇ ದಿನ ಮುಚ್ಚಿಸಬೇಕು. ಇಲ್ಲವಾದರೆ ಹೊಸಬನ ಪ್ರಯಾಣಕ್ಕೆ ಹಳಬನ ಹಣ ಹೋಗುತ್ತದೆ.

ಕೊನೆಯದಾಗಿ, ಕಾರು ಒಪ್ಪಿಸುವಾಗ ಎರಡು ಪ್ರತಿಗಳಲ್ಲಿ ಒಂದು ರಸೀದಿ ಬರೆಯಬೇಕು. ಅದರಲ್ಲಿ ತಾರೀಖು ಮಾತ್ರವಲ್ಲದೆ ಗಂಟೆ ನಿಮಿಷವೂ, ಓಡಿದ ಕಿಲೋಮೀಟರೂ, ಕೊಟ್ಟ ಬೀಗದ ಕೈಗಳ ಸಂಖ್ಯೆಯೂ, ಇಬ್ಬರ ಸಹಿಯೂ ಇರಲಿ. ಈ ರಸೀದಿ ನೋಂದಣಿಗೆ ಬದಲಿಯಲ್ಲ. ಆದರೆ ಸಂಜೆ ಐದಕ್ಕೆ ಮಾರಿದ ಕಾರು ಆರಕ್ಕೆ ಎಲ್ಲಿತ್ತೆಂದು ಪೊಲೀಸರು ಕೇಳಿದರೆ ತೋರಿಸಲು ಒಂದು ಆಧಾರ. ಹದಿನೈದು ದಿನ ಕಳೆದ ಮೇಲೆ ವಾಹನ ದಾಖಲೆಯಲ್ಲಿ ಹೆಸರು ಬದಲಾಗಿದೆಯೇ ಎಂದು ಫೋನಿನಲ್ಲಿಯೇ ನೋಡಬಹುದು. ಆಗದಿದ್ದರೆ ಕೊಂಡವರಿಗೂ ಆರ್.ಟಿ.ಓ.ಗೂ ಬರವಣಿಗೆಯಲ್ಲಿ ತಿಳಿಸಿ ಪ್ರತಿ ಇಟ್ಟುಕೊಳ್ಳಬೇಕು.

ಕೋಟಿಯ ಕಾರಿಗೆ ಹೇಳಿದ ಈ ಮಾತುಗಳಲ್ಲಿ ಎಂಜಿನಿನ ಅಶ್ವಬಲವೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಇಪ್ಪತ್ತು ಸಾವಿರದ ಸ್ಕೂಟರಿಗೂ ಅನ್ವಯಿಸುತ್ತದೆ. ಊರಿಗೆ ಹೋಗುವ ಅವಸರದಲ್ಲಿ ಗೆಳೆಯನಿಗೆ ಗಾಡಿ ಕೊಟ್ಟು “ಹೆಸರು ಆಮೇಲೆ ಮಾಡಿಸಿಕೋ” ಎಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಈ ವಾರವೇ ಆ ಕೆಲಸ ಮುಗಿಸಲೆಂದು ಕೋರುತ್ತೇವೆ. ಫಾರಂ ತುಂಬಲು ತೊಡಕಾದವರು ಸಂಜೆ ವಾಚನಾಲಯಕ್ಕೆ ಆರ್.ಸಿ. ಸಹಿತ ಬಂದರೆ ಕೂಡಿ ಕುಳಿತು ತುಂಬೋಣ.