ಚೈನು ಬಿಗಿಯಾದಷ್ಟೂ ಒಳ್ಳೆಯದೆ?

ಭಾನುವಾರ ಸಂಜೆ ವಿಶ್ವೇಶ್ವರಪುರಂನ ತಿಂಡಿ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಜಂಗುಳಿಯ ಅಂಚಿನಲ್ಲಿ ಒಮ್ಮೊಮ್ಮೆ ಎತ್ತರದ ನಿಲುವಿನ, ದಪ್ಪ ಗುಬುಟಿನ ಟೈರಿನ ಒಂದೆರಡು ಬೈಕುಗಳು ಕಾಣಸಿಗುತ್ತವೆ. ಮಡ್‌ಗಾರ್ಡಿನ ತುಂಬ ಕೆಂಪು ಮಣ್ಣು. ಊರಾಚೆಯ ಕಲ್ಲುಗುಡ್ಡಗಳಲ್ಲಿ ಹಾರಿಸಿ ತಂದ ಗಾಡಿಗಳವು. (ಅಪ್ಪಟ ಡರ್ಟ್ ಬೈಕಿಗೆ ದೀಪವೂ ಇಲ್ಲ, ನಂಬರ್ ಪ್ಲೇಟೂ ಇಲ್ಲ, ಅದನ್ನು ರಸ್ತೆಗೆ ಇಳಿಸುವಂತಿಲ್ಲ. ಇವು ಅದರ ರಸ್ತೆಯ ತಮ್ಮಂದಿರು.) ಮರುದಿನ ಟ್ಯೂಬು ಪಂಕ್ಚರಾಗಿರುವುದು ಗೊತ್ತಾಗುತ್ತದೆ. ಮಿನರ್ವ ವೃತ್ತ ದಾಟಿದರೆ ಜೆ.ಸಿ. ರಸ್ತೆ, ಬೇಕಾದ ಬಿಡಿಭಾಗವೆಲ್ಲ ಅಲ್ಲಿ ಸಿಗುತ್ತದೆ. ಹುಡುಗರು ತಾವೇ ಹಿಂದಿನ ಗಾಲಿ ಬಿಚ್ಚುತ್ತಾರೆ, ತಾವೇ ಜೋಡಿಸುತ್ತಾರೆ. ಜೋಡಿಸಿದ ಮೇಲೆ ಚೈನು ಜೋತು ಬಿದ್ದಂತೆ ಕಂಡರೆ ಮನಸ್ಸಿಗೆ ಸಮಾಧಾನವಿಲ್ಲ. ವೀಣೆಯ ತಂತಿಯಂತೆ ಬಿಗಿಯುತ್ತಾರೆ. ತಪ್ಪಾಗುವುದು ಅಲ್ಲಿಯೇ.

ಚೈನು ಏಕೆ ಸಡಿಲವಿರಬೇಕು? ಚೈನನ್ನು ಎಳೆಯುವ ಮುಂದಿನ ಹಲ್ಲುಗಾಲಿ ಎಂಜಿನ್ನಿಗೆ ಸೇರಿದ್ದು. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದರೋ ಅದಕ್ಕಿಂತ ತುಸು ಹಿಂದಿರುವ ಬೇರೊಂದು ಕೀಲಿನ ಮೇಲೆ ಆಡುತ್ತದೆ. ಎರಡಕ್ಕೂ ಒಂದೇ ಕೇಂದ್ರವಿದ್ದಿದ್ದರೆ ಚಕ್ರ ಎಷ್ಟು ಕುಣಿದರೂ ಹಲ್ಲುಗಾಲಿಗಳ ನಡುವಿನ ದೂರ ಬದಲಾಗುತ್ತಿರಲಿಲ್ಲ. ಕೇಂದ್ರ ಬೇರೆಯಾದ್ದರಿಂದ ಆ ದೂರ ಹೆಚ್ಚುಕಡಿಮೆಯಾಗುತ್ತಲೇ ಇರುತ್ತದೆ. ಮುಂದಿನ ಹಲ್ಲುಗಾಲಿ, ತೋಳಿನ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ನೇರಕ್ಕೆ ಬಂದಾಗ ದೂರ ಅತಿ ಹೆಚ್ಚು, ಚೈನು ಅತಿ ಬಿಗಿ. ಮೋಟೋಕ್ರಾಸ್ ಬೈಕಿನ ಹಿಂದಿನ ಚಕ್ರ ಸುಮಾರು 300 ಮಿ.ಮೀ. ಮೇಲೆಕೆಳಗೆ ಆಡುತ್ತದೆ. ನಿಂತಾಗಲೇ ಚೈನು ಬಿಗಿಯಿದ್ದರೆ, ಗುಂಡಿಗೆ ಬಿದ್ದ ಗಾಡಿ ಮೈ ಕುಗ್ಗಿಸಿದಾಗ ಅದು ಹೋಗುವುದೆಲ್ಲಿಗೆ? ಗೇರ್‌ಪೆಟ್ಟಿಗೆಯ ಬೇರಿಂಗನ್ನು ಜಗ್ಗುತ್ತದೆ, ಇಲ್ಲವೆ ತುಂಡಾಗುತ್ತದೆ. ತುಂಡಾದ ಚೈನು ಮುಂದಿನ ಹಲ್ಲುಗಾಲಿಯ ಬಳಿ ಮುದ್ದೆಯಾಗಿ ಸಿಕ್ಕಿಕೊಂಡರೆ ಎಂಜಿನ್ನಿನ ಹೊದಿಕೆ ಒಡೆಯಬಹುದು. ಓಡುತ್ತಿರುವ ಚಕ್ರ ಒಮ್ಮೆಲೇ ಕಚ್ಚಿಕೊಂಡು ಸವಾರನನ್ನು ಎಸೆಯಬಹುದು.

ಹಾಗೆಂದು ತೀರ ಸಡಿಲ ಬಿಟ್ಟರೆ ಚೈನು ಹಲ್ಲಿನಿಂದ ಹಾರುತ್ತದೆ. ಎಷ್ಟು ಬೇಕೆಂಬುದು ಆಯಾ ಗಾಡಿಯ ಕೈಪಿಡಿಯಲ್ಲಿದೆ. ರಸ್ತೆಯ ಬೈಕುಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಹೇಳಿದ್ದರೆ ಮಣ್ಣಿನ ಬೈಕುಗಳಿಗೆ ಅದಕ್ಕಿಂತ ಹೆಚ್ಚು. ಪಕ್ಕದ ಮನೆಯ ಗಾಡಿಯ ಲೆಕ್ಕ ಇಲ್ಲಿ ನಡೆಯದು.

ಚೈನು ‘ಹಿಗ್ಗಿದೆ’ ಎನ್ನುವುದೂ ಅರ್ಧಸತ್ಯ. ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಸವೆಯುವುದು ಕೊಂಡಿಗಳೊಳಗಿನ ಪಿನ್ನು ಮತ್ತು ಬುಶ್ಶು. 520 ಎಂಬ ಗುರುತಿನ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ 15.875 ಮಿ.ಮೀ., ಅಂದರೆ ಅಂಗುಲದ ಎಂಟನೆಯ ಐದು ಭಾಗ. ಆ ‘5’ ಸೂಚಿಸುವುದು ಇದನ್ನೇ. 110 ಕೊಂಡಿಗಳಲ್ಲಿ ಒಂದೊಂದೂ ಕೂದಲೆಳೆಯಷ್ಟು, 0.1 ಮಿ.ಮೀ. ಸವೆದರೂ ಒಟ್ಟು 11 ಮಿ.ಮೀ. ಆಯಿತು. ಹಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಬುಶ್ಶಿನ ಮೇಲೆ ಉರುಳೆ ಕೂರಿಸಿ ಈ ಬಗೆಯ ಚೈನು ರೂಪಿಸಿದ್ದೇ ಸವೆತ ತಗ್ಗಿಸಲು. ಮಣ್ಣು, ಮರಳಿನ ಮುಂದೆ ಅದೂ ಸೋಲುತ್ತದೆ.

ಇನ್ನು ಚಕ್ರ ಕೂರಿಸುವ ಕೆಲಸ. ಡಿಸ್ಕನ್ನು ಬ್ರೇಕ್ ಪ್ಯಾಡುಗಳ ನಡುವೆ ತೂರಿಸಿ, ಚಕ್ರವನ್ನು ತುಸು ಮುಂದೆ ತಳ್ಳಿ ಚೈನನ್ನು ಹಲ್ಲಿಗೆ ಏರಿಸಬೇಕು. ಬುಶ್ಶುಗಳು ತಮ್ಮ ತಮ್ಮ ಕಡೆಯಲ್ಲೇ ಇರಲಿ. ಅದಲುಬದಲಾದರೆ ಚಕ್ರ ಓರೆಯಾಗುತ್ತದೆ. ಆಕ್ಸಲ್ ತೂರಿಸಿದ ಮೇಲೆ ಎರಡೂ ಬದಿಯ ಅಡ್ಜಸ್ಟರುಗಳನ್ನು ಒಂದೇ ಗೆರೆಗೆ ತರಬೇಕು. ಕೊನೆಗೆ ನಟ್ಟು ಬಿಗಿಯುವಾಗ ಹಳೆಯ ಮೆಕ್ಯಾನಿಕ್ಕುಗಳದೊಂದು ಉಪಾಯವಿದೆ. ಚೈನಿಗೂ ಹಿಂದಿನ ಹಲ್ಲುಗಾಲಿಗೂ ನಡುವೆ ಹಳೆಬಟ್ಟೆಯ ಉಂಡೆ ಇಟ್ಟು ಚಕ್ರವನ್ನು ಹಿಮ್ಮುಖವಾಗಿ ತಿರುಗಿಸಿದರೆ ಅದು ಸಿಕ್ಕಿಕೊಂಡು ಆಕ್ಸಲನ್ನು ಅಡ್ಜಸ್ಟರಿಗೆ ಒತ್ತಿ ಹಿಡಿಯುತ್ತದೆ. ಬಿಗಿಯುವಾಗ ಅಳತೆ ಜಾರುವುದಿಲ್ಲ. ಬಟ್ಟೆ ತೆಗೆದು, ಚಕ್ರ ತಿರುಗಿಸಿ ನಾಲ್ಕಾರು ಕಡೆ ಮತ್ತೆ ಅಳೆಯಬೇಕು, ಏಕೆಂದರೆ ಚೈನು ಎಲ್ಲ ಕಡೆ ಸಮನಾಗಿ ಸವೆದಿರುವುದಿಲ್ಲ. ತೀರ ಬಿಗಿಯಿರುವ ಜಾಗದಲ್ಲಿ ಸಿಗುವ ಅಳತೆಯೇ ಲೆಕ್ಕಕ್ಕೆ. ಚೈನ್ ಲಾಕ್ ಬಿಚ್ಚಿದ್ದರೆ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು.

ಇಷ್ಟೆಲ್ಲ ರಗಳೆ ಇಲ್ಲದ ಗಾಡಿಯೊಂದು ನಮ್ಮ ನಾಡಿನಲ್ಲೇ ತಯಾರಾಗುತ್ತಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಚೈನು ತಗಡಿನ ಹೊದಿಕೆಯೊಳಗೆ ಭದ್ರವಾಗಿರುತ್ತಿತ್ತು. ಆಕ್ಸಲ್ ಎಳೆದರೆ ಚಕ್ರವಷ್ಟೇ ಕೈಗೆ ಬರುತ್ತಿತ್ತು. ಹಲ್ಲುಗಾಲಿ, ಚೈನು ಇದ್ದಲ್ಲೇ ಇರುತ್ತಿದ್ದವು. ಪಂಕ್ಚರಿಗೆಂದು ಚೈನಿನ ತಂಟೆಗೆ ಹೋಗಬೇಕಿರಲಿಲ್ಲ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರ ಡಕಾರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿದಾಗ, ಅದನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ದಕ್ಷಿಣ ಅಮೆರಿಕದ ಮರುಭೂಮಿ, ಬೆಟ್ಟಗಳ ಆ ಎರಡು ವಾರಗಳನ್ನು ನೆನೆದರೆ ಹುಡುಗರಿಗೆ ಹುರುಪು ಬರುವುದು ಸಹಜ. ಆದರೆ ಹುರುಪಿನಲ್ಲಿ ಒಂದು ಕೆಲಸ ಮಾತ್ರ ಕೂಡದು: ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ, ಗೇರಿನಲ್ಲಿ ಬಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದು. ಬಟ್ಟೆಯ ಹಿಂದೆಯೇ ಬೆರಳು ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಒರೆಸಿದರೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೆ.

ಚಕ್ರ ಕೂರಿಸುವಾಗ ಬ್ರೇಕ್ ಪ್ಯಾಡುಗಳು ಹಿಂದೆ ಸರಿದಿರುವುದರಿಂದ ಮೊದಲ ಸಲ ಪೆಡಲು ತಡೆಯಿಲ್ಲದೆ ಇಳಿದುಹೋಗಬಹುದು. ನಾಲ್ಕೈದು ಬಾರಿ ಒತ್ತಿ, ಅದು ಗಟ್ಟಿಯಾಗುವುದನ್ನು ಮನೆಯಂಗಳದಲ್ಲೇ ನೋಡಿಕೊಳ್ಳಬೇಕು, ಸಜ್ಜನರಾವ್ ವೃತ್ತದ ವಾಹನಗಳ ನಡುವೆ ಅಲ್ಲ.