ಉಜ್ಜಿ ತೆಗೆಯಲೆಂದೇ ಬಳಿಯುವ ಲೇಪ

ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ವ್ಯಾರಿಈಜಿ 1975ರಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಹಾರಿತು, ಲಾಂಗ್‌ಈಜಿ 1979ರಲ್ಲಿ. ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳಬಹುದಾದ ಈ ಪುಟ್ಟ ವಿಮಾನಗಳಿಗೆ ಅಚ್ಚು ಬೇಕಿಲ್ಲ. ಕಾದ ತಂತಿಯಿಂದ ಫೋಮ್ ಕೊಯ್ದು ರೆಕ್ಕೆಯ ಆಕಾರ ತಂದು, ಮೇಲೆ ಗಾಜುನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ರಾಳ ಕುಡಿಸುತ್ತಾರೆ. ಅಚ್ಚಿನ ಖರ್ಚು ಉಳಿಯಿತು, ಸರಿ. ಅಚ್ಚು ಕೊಡುವ ನುಣುಪೂ ಹೋಯಿತು. ಮೈತುಂಬ ನೇಯ್ಗೆಯ ಗೆರೆ, ಬಟ್ಟೆ ಮೇಲೆ ಬಟ್ಟೆ ಕೂತಲ್ಲಿ ಏಣು. ಬಣ್ಣ ಇದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಈ ಏರುತಗ್ಗು ತುಂಬಿ ಸಮಮಾಡಲು ಮೊದಲು ನೆನಪಾಗುವುದು ಕಾರಿಗೆ ಬಳಿಯುವ ಪಾಲಿಯೆಸ್ಟರ್ ಪುಟ್ಟಿ. ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಆದರೆ ಭಾರ. ಎಪಾಕ್ಸಿಯ ಮೇಲೆ ಅದರ ಹಿಡಿತವೂ ಅಷ್ಟಕ್ಕಷ್ಟೆ. ಸಣ್ಣ ಗುಳಿಗೆ ಸಾಕು, ಇಡೀ ರೆಕ್ಕೆಗೆ ನಾನಂತೂ ಒಪ್ಪೆ. ಬಲ್ಲವರು ನೆಚ್ಚುವುದು 'ಮೈಕ್ರೋ'ವನ್ನು: ಎಪಾಕ್ಸಿಗೆ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗುಂಡುಗಳ ಪುಡಿ ಬೆರೆಸಿ, ಹೋಳಿಗೆ ಹೂರಣದಂತೆ ಜಾರದ ಹದಕ್ಕೆ ತರುತ್ತಾರೆ. ಒಳಗೆಲ್ಲ ಗಾಳಿಯಾದ್ದರಿಂದ ಹಗುರ. ಧಾರಾಳವಾಗಿ ಬಳಿದು, ರಾತ್ರಿ ಬಿಟ್ಟು, ಉದ್ದನೆಯ ಪಟ್ಟಿಗೆ ಉಪ್ಪುಕಾಗದ ಅಂಟಿಸಿ ಉಜ್ಜಿದರೆ ಬಹುಪಾಲು ನೆಲದ ಮೇಲಿನ ಧೂಳು. ಮೂಗಿಗೆ ಮಾಸ್ಕ್ ಕಡ್ಡಾಯ.

ಪುಡಿಗಳ ಡಬ್ಬಿ ಅದಲುಬದಲಾದರೆ ಮಾತ್ರ ಕಷ್ಟ. ಸಿಲಿಕಾ ಪುಡಿಯೂ ಬೆಳ್ಳಗೆ, ಹಗುರ. ಆದರೆ ಅದು ಅಂಟಿಸುವ ಕೆಲಸಕ್ಕೆ. ಎಪಾಕ್ಸಿಯಲ್ಲಿ ಬೆರೆತು ಗಟ್ಟಿಯಾದರೆ ಕಲ್ಲು. ಉಜ್ಜುವ ಕಾಗದ ಅದನ್ನು ಬಿಟ್ಟು ಪಕ್ಕದ ಗಾಜುಬಟ್ಟೆಯನ್ನೇ ತಿನ್ನುತ್ತದೆ, ರೆಕ್ಕೆಯ ಬಲವಿರುವುದೇ ಆ ಬಟ್ಟೆಯಲ್ಲಿ. ತಗ್ಗು ತುಂಬುವ ಫಿಲ್ಲರ್ ಬಟ್ಟೆಗಿಂತ ಮೆದುವಾಗಿರಬೇಕು ಎನ್ನುವುದು ಇದಕ್ಕೇ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ವೆಸ್ಟ್ ಸಿಸ್ಟಮ್ ಬ್ರ್ಯಾಂಡಿನ 410 ಮೈಕ್ರೋಲೈಟ್ ಎಂಬ ಫಿಲ್ಲರ್ ಪುಡಿ ಉಜ್ಜಲು ಬೆಣ್ಣೆ, ಆದರೆ ಕಾದರೆ ಮೆತ್ತಗಾಗುತ್ತದೆ. ಗಾಢ ಬಣ್ಣದಡಿ ಬೇಡವೆಂದು ತಯಾರಕರೇ ಎಚ್ಚರಿಸುತ್ತಾರೆ. ಫೋಮ್, ಎಪಾಕ್ಸಿಗಳಿಗೂ ಬಿಸಿ ಆಗದು. ಲಾಂಗ್‌ಈಜಿಗಳು ಬೆಳ್ಳಗಿರುವುದು ಬರೀ ಅಂದಕ್ಕಲ್ಲ. ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್ 1993ರಲ್ಲಿ ಹಾರಿಸಿದ ಹಂಸ ವಿಮಾನವೂ ಇಂಥದೇ ನಾರು-ರಾಳಗಳ ಕಾಂಪೋಸಿಟ್ ಮೈಯದೇ. ಅದನ್ನು ಬೆಳ್ಳಗೆ ಕಂಡವರಿಗೆ ಈ ಲೆಕ್ಕ ಹೊಸದೆನಿಸದು.

ಕೊನೆಗೆ ಉಳಿಯುವುದು ಸೂಜಿಮೊನೆಯಷ್ಟು ತೂತುಗಳು, ಗುಳ್ಳೆ ಒಡೆದ ಜಾಗಗಳು. ಇವಕ್ಕೆ ಮತ್ತೆ ಫಿಲ್ಲರ್ ಬೇಡ. ಪುಡಿ ಬೆರೆಸದ ಎಪಾಕ್ಸಿಯನ್ನು ರಬ್ಬರ್ ಪಟ್ಟಿಯಿಂದ ತೆಳ್ಳಗೆ ಎಳೆದರೆ ಒಳಗಿಳಿದು ತುಂಬುತ್ತದೆ. ಗಟ್ಟಿಯಾದ ಮೇಲೆ ಮೇಲೆದ್ದಿರಬಹುದಾದ ಜಿಡ್ಡನ್ನು ನೀರಲ್ಲಿ ತೊಳೆದು, ನವಿರಾಗಿ ಉಜ್ಜಿಯೇ ಪ್ರೈಮರ್ ಹೊಡೆಯಬೇಕು.