ಅಜ್ಜನ ಕಾಲದ ಪಿಸ್ತೂಲು

1824ರ ಕಿತ್ತೂರಿನ ಕದನದಲ್ಲಾಗಲಿ, 1831ರಲ್ಲಿ ಖಾನಾಪುರ ಸೀಮೆಯ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದ ದಿನಗಳಲ್ಲಾಗಲಿ ಕೈಬಂದೂಕುಗಳು ಬಹುಮಟ್ಟಿಗೆ ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯತಕ್ಕವಾಗಿದ್ದುದರಿಂದ, ಬೆಳಗಾವಿಯ ಹಳೆಯ ಮನೆಯೊಂದರ ಪೆಟ್ಟಿಗೆಯಿಂದ ಹೊರಬಿದ್ದ ಪಿಸ್ತೂಲನ್ನು ಕಿತ್ತೂರು ಕಾಲದ್ದೆಂದು ಯಾರಾದರೂ ಬಣ್ಣಿಸಿದರೆ ಮೊದಲು ಅದರ ಕುದುರೆಯನ್ನು ಪರೀಕ್ಷಿಸತಕ್ಕದ್ದು. ಕಲ್ಲು ಕಚ್ಚುವ ದವಡೆಗಳಿದ್ದರೆ ಆ ಮಾತಿಗೆ ಆಸ್ಪದವುಂಟು. ಕೇಪಿನ ಮೇಲೆ ಬಡಿಯುವ ಕುಳಿಮೂತಿಯಿದ್ದರೆ ಅದು ಪ್ರಾಯಶಃ ತರುವಾಯದ್ದು, ಇಲ್ಲವೇ ಮಾರ್ಪಡಿಸಿದ್ದು. ಹಾಗೆ ಮಾರ್ಪಡಿಸಿದ್ದಾದರೆ ಪಕ್ಕದ ಫಲಕದಲ್ಲಿ ಮುಚ್ಚಿದ ತಿರುಪಿನ ರಂಧ್ರಗಳು ಸಾಕ್ಷಿ ನುಡಿಯುವುವು.

ಅದಕ್ಕೂ ಮುನ್ನ, ಬಾಯಿಯಿಂದ ಮದ್ದು ತುಂಬುವ ನಳಿಗೆಯೊಳಗೆ ಹಳೆಯ ಗುಂಡು ಉಳಿದಿರಬಹುದೆಂಬ ಶಂಕೆಯಿಂದ, ಅದನ್ನು ಯಾರ ಕಡೆಗೂ ತಿರುಗಿಸದೆ, ಮರದ ಕಡ್ಡಿಯೊಂದನ್ನು ಮೆಲ್ಲನೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ನಳಿಗೆಯ ಮೇಲಿಟ್ಟು ಅಳೆಯಬೇಕು. ಕಡ್ಡಿಯ ತುದಿ ಕಿಡಿರಂಧ್ರದವರೆಗೆ ಮುಟ್ಟದಿದ್ದರೆ ಒಳಗೇನೋ ಇದೆ, ಮುಂದಿನದು ಬಲ್ಲ ಬಂದೂಕು ಕಮ್ಮಾರನ ಕೆಲಸ. ಮರಳುಕಾಗದದಿಂದ ಉಜ್ಜಿ ಥಳಥಳಿಸುವಂತೆ ಮಾಡಿದುದನ್ನು ಕೊಳ್ಳುವವನ ಅಭಿರುಚಿ ನನಗಂತೂ ಅರ್ಥವಾಗದು: ಮುದ್ರೆ, ಅಕ್ಷರ, ಕಾಲದ ಕಪ್ಪು ಸಮಸ್ತವೂ ಅಲ್ಲಿ ಅಳಿದಿರುತ್ತವೆ.

ನಿತ್ಯೋಪಯೋಗದ ವಿಚಾರ ಬೇರೆ. 1887ರಲ್ಲಿ ಬ್ರಿಟಿಷ್ ಸೇನೆ ಅಂಗೀಕರಿಸಿದ ವೆಬ್ಲಿ ರಿವಾಲ್ವರಿನ ಪ್ರಥಮ ಮಾದರಿ ಕೂಡ ಕರಿಮದ್ದಿನ ತೋಟಾಕ್ಕೆಂದೇ ನಿರ್ಮಿತವಾದುದು. ಹೊಗೆರಹಿತ ಮದ್ದಿನ ಒತ್ತಡವನ್ನು ಅದರ ಮೇಲೆ ಹೇರುವುದು ಅವಿವೇಕ. ಖಾನಾಪುರದ ಕಾಡಂಚಿನ ರೈತನಿಗೆ ಹಂದಿಯ ಹಾವಳಿಯೆದುರು ಇಂತಹ ಪಿಸ್ತೂಲು ನಿಷ್ಪ್ರಯೋಜಕ. 1959ರ ಆಯುಧ ಕಾಯಿದೆಯ 45ನೆಯ ಪ್ರಕರಣದ ವಿನಾಯಿತಿಯಾದರೋ, ದುರಸ್ತಿಯಿಂದಲೂ ಹಾರದ ಪುರಾತನ ಆಯುಧಕ್ಕಷ್ಟೇ ಸಲ್ಲುವುದು. ಹಾರಬಲ್ಲುದಾದರೆ ಪರವಾನಗಿ ಬೇಕೇ ಬೇಕು.